ಪ್ಯಾಡ್ ಬದಲಿಸಿದರೂ ಬ್ರೇಕ್ ಕೀರಲು ಸದ್ದು ಹೋಗಿಲ್ಲವೇ? ಕಾರಣ ಹುಡುಕುವ ಸರಿಯಾದ ಕ್ರಮ

ಬ್ರೇಕ್ ಹಿಡಿದರೆ ‘ಕೀ’ ಅಂತ ಸದ್ದು. ಗ್ಯಾರೇಜಿಗೆ ಹೋದರೆ ಪ್ಯಾಡ್ (ಡಿಸ್ಕನ್ನು ಒತ್ತಿ ಹಿಡಿಯುವ ತುಂಡು) ಬದಲಿಸಿ ಕೊಡುತ್ತಾರೆ. ವಾರ ಹತ್ತು ದಿನ ಎಲ್ಲ ಸರಿ ಇರುತ್ತದೆ. ಆಮೇಲೆ ಅದೇ ಸದ್ದು, ಅದೇ ಜಾಗ. ಈ ಸಲ ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ) ಬದಲಿಸೋಣ ಅನ್ನುತ್ತಾರೆ. ಅದೂ ಆಗುತ್ತದೆ, ಸದ್ದು ಮಾತ್ರ ಹೋಗುವುದಿಲ್ಲ. ಕಾರು ಇಟ್ಟುಕೊಂಡ ಎಷ್ಟೋ ಜನ ಇದೇ ಸುತ್ತಿನಲ್ಲಿ ಸಿಕ್ಕಿಕೊಂಡು ದುಡ್ಡು ಕಳೆದುಕೊಳ್ಳುತ್ತಾರೆ.

ತಪ್ಪು ಆಗುವುದು ಕ್ರಮದಲ್ಲಿ. ಮೊದಲು ಪಾರ್ಟ್ ಬದಲಿಸುತ್ತಾರೆ, ಆಮೇಲೆ ಕಾರಣ ಹುಡುಕುತ್ತಾರೆ. ಕೀರಲು ಸದ್ದಿನ ಮೂಲ ನಡುಕ. ಪ್ಯಾಡ್ ಡಿಸ್ಕಿನ ಮೇಲೆ ಹಿಡಿದು ಜಾರಿ, ಹಿಡಿದು ಜಾರಿ, ಸೆಕೆಂಡಿಗೆ ಸಾವಿರಾರು ಸಲ ನಡುಗುತ್ತದೆ. ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರುಚುವುದೂ ಹೀಗೆಯೇ. ಈ ನಡುಕಕ್ಕೆ ಪ್ಯಾಡ್ ಒಂದೇ ಕಾರಣ ಅಲ್ಲ. ಒಣಗಿದ ಪಿನ್, ಪ್ಯಾಡ್ ಕೂರುವ ಜಾಗದ ತುಕ್ಕು ಹಿಡಿದ ಕ್ಲಿಪ್, ಹಾಕದೇ ಬಿಟ್ಟ ಶಿಮ್ (ಪ್ಯಾಡಿನ ಬೆನ್ನಿನ ತೆಳು ತಗಡು), ಪ್ಯಾಡನ್ನು ಒತ್ತಿದ ಮೇಲೆ ಸರಿಯಾಗಿ ಹಿಂದೆ ಸರಿಯದ ಪಿಸ್ಟನ್, ಎಲ್ಲವೂ ಕಾರಣ ಆಗಬಹುದು. ಇವನ್ನು ಮುಟ್ಟದೆ ಹೊಸ ಪ್ಯಾಡ್ ಹಾಕಿದರೆ ಅದೂ ಸ್ವಲ್ಪ ದಿನದಲ್ಲಿ ಕೂಗುತ್ತದೆ.

ನಮ್ಮ ರಸ್ತೆಗಳಲ್ಲಿ ಜಾಸ್ತಿ ಕಾಣುವ ಚಿಕ್ಕ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುತ್ತದೆ. ಅಂಥ ಕಾರನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಹೇಳುತ್ತಿದ್ದೇನೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ. ಮೊದಲ ಮೂರು ಹಂತಗಳಿಗೆ ಒಂದು ಸ್ಪ್ಯಾನರ್ ಕೂಡ ಬೇಡ. ಹೆಚ್ಚಿನವರು ಬಿಟ್ಟುಬಿಡುವುದೂ ಆ ಮೂರನ್ನೇ.

## ಇವು ಕಂಡರೆ ಪರೀಕ್ಷೆ ಬೇಡ, ಕಾರು ನಿಲ್ಲಿಸಿ

ಬರೀ ಕೀರಲು ಸದ್ದಾದರೆ ನಿಧಾನವಾಗಿ ಪರೀಕ್ಷೆ ಮಾಡಬಹುದು. ಆದರೆ ಕೆಳಗಿನ ಯಾವುದಾದರೂ ಒಂದು ಕಂಡರೂ ಕಾರು ಓಡಿಸಬೇಡಿ. ಟೋಯಿಂಗ್ ಕರೆಸಿ.

ಪೆಡಲ್ ಸ್ಪಂಜಿನಂತೆ ಮೆತ್ತಗಾಗಿದ್ದರೆ ಅಥವಾ ನೆಲದವರೆಗೆ ಹೋಗುತ್ತಿದ್ದರೆ. ಬ್ರೇಕಿನ ಕೆಂಪು ದೀಪ ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಆರದಿದ್ದರೆ. ಕೀರಲು ಹೋಗಿ ‘ಕರಕರ’ ಅಂತ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬರುತ್ತಿದ್ದರೆ. ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಜೋರಾಗಿ ಎಳೆಯುತ್ತಿದ್ದರೆ. ಒಂದು ಚಕ್ರದಿಂದ ಸುಟ್ಟ ವಾಸನೆ ಅಥವಾ ಹೊಗೆ ಬರುತ್ತಿದ್ದರೆ. ಟೈರಿನ ಒಳಗೋಡೆ ಎಣ್ಣೆಯಂತೆ ಒದ್ದೆಯಾಗಿದ್ದರೆ.

ಕರಕರ ಸದ್ದಿನ ಬಗ್ಗೆ ಒಂದು ಮಾತು. ಪ್ಯಾಡಿನ ಲೈನಿಂಗ್ (ಡಿಸ್ಕಿಗೆ ಉಜ್ಜುವ ಪದರ) ಪೂರ್ತಿ ಸವೆದು ಹಿಂದಿನ ಕಬ್ಬಿಣದ ತಗಡು ಡಿಸ್ಕನ್ನು ಕೊರೆಯುತ್ತಿರುವ ಸದ್ದು ಅದು. ‘ಇನ್ನು ಎರಡು ದಿನ ಓಡಿಸೋಣ’ ಅಂದರೆ ಪ್ಯಾಡಿನ ಖರ್ಚಿಗೆ ಡಿಸ್ಕಿನ ಖರ್ಚೂ ಸೇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇಕಾದಾಗ ಕಾರು ನಿಲ್ಲುವುದಿಲ್ಲ.

## ಬೇಕಾಗುವ ಸಾಮಾನು

ಜಾಕ್, ಎರಡು ಜಾಕ್ ಸ್ಟ್ಯಾಂಡ್, ಚಕ್ರಕ್ಕೆ ಒತ್ತು ಕೊಡಲು ಮರದ ತುಂಡು ಅಥವಾ ಗಟ್ಟಿ ಕಲ್ಲು, ವೀಲ್ ಸ್ಪ್ಯಾನರ್, ರಿಂಗ್ ಸ್ಪ್ಯಾನರ್ ಸೆಟ್, ಚಪ್ಪಟೆ ಸ್ಕ್ರೂಡ್ರೈವರ್, ತಂತಿ ಬ್ರಷ್, ಟಾರ್ಚ್, ದೊಡ್ಡ ಸಿ ಕ್ಲ್ಯಾಂಪ್, ಎಮರಿ ಪೇಪರ್, ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕಿಗೆಂದೇ ಬರುವ ಸಿಲಿಕೋನ್ ಅಥವಾ ಸೆರಾಮಿಕ್ ಗ್ರೀಸ್. ಕಟ್ಟಲು ಒಂದಿಷ್ಟು ತಂತಿ ಅಥವಾ ಹಗ್ಗ. ಮಾಸ್ಕ್ ಮತ್ತು ಕೈಗವಸು ಖಂಡಿತ ಇರಲಿ. ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು.

ಕಾರಿನ ಜೊತೆ ಬರುವ ಜಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಅದೊಂದನ್ನೇ ನಂಬಿ ಚಕ್ರ ಬಿಚ್ಚಿ ಕೆಲಸಕ್ಕೆ ಕೂರಬೇಡಿ. ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಮೂರನೇ ಹಂತದವರೆಗೆ ನೀವೇ ಮಾಡಿ, ಉಳಿದದ್ದನ್ನು ಗ್ಯಾರೇಜಿನಲ್ಲಿ ಎದುರಿಗೆ ನಿಂತು ಮಾಡಿಸಿ.

## ಹಂತ 1: ಸದ್ದು ಯಾವಾಗ ಬರುತ್ತದೆ ಎಂದು ಬರೆದಿಡಿ

ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ಎರಡು ಮೂರು ದಿನ ಎಂದಿನಂತೆ ಓಡಿಸಿ. ಮ್ಯೂಸಿಕ್ ಬಂದ್ ಮಾಡಿ, ಕಿಟಕಿ ಇಳಿಸಿ. ಸದ್ದು ಬಂದಾಗಲೆಲ್ಲ ಗಮನಿಸಿದ್ದನ್ನು ಕಾರು ನಿಲ್ಲಿಸಿದ ಮೇಲೆ ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ: ಬೆಳಗ್ಗೆಯೋ ಸಂಜೆಯೋ, ಬ್ರೇಕ್ ಹಿಡಿದಾಗಲೋ ಬಿಟ್ಟಾಗಲೋ, ನಿಧಾನವಾಗಿ ಒತ್ತಿದಾಗಲೋ ಜೋರಾಗಿ ಒತ್ತಿದಾಗಲೋ, ನೇರಕ್ಕೋ ತಿರುವಿನಲ್ಲೋ.

ಬೆಳಗ್ಗೆ ಮೊದಲ ನಾಲ್ಕಾರು ಬ್ರೇಕಿಗೆ ಮಾತ್ರ. ರಾತ್ರಿ ಮಳೆ ಬಂದಿದೆ ಅಥವಾ ಹಿಂದಿನ ದಿನ ವಾಟರ್ ಸರ್ವೀಸ್ ಆಗಿದೆ. ಡಿಸ್ಕ್ ಎರಕದ ಕಬ್ಬಿಣ. ನೀರು ತಾಗಿ ನಿಂತರೆ ಒಂದೇ ರಾತ್ರಿಯಲ್ಲಿ ತೆಳುವಾಗಿ ತುಕ್ಕು ಕೂರುತ್ತದೆ. ಪ್ಯಾಡ್ ಅದನ್ನು ಉಜ್ಜಿ ತೆಗೆಯುವಾಗ ಸದ್ದು ಬರುತ್ತದೆ. ಕೆಲವು ಬ್ರೇಕ್ ಹಿಡಿದ ಮೇಲೆ ಹೋದರೆ ಏನೂ ಮಾಡಬೇಡಿ. ಉಡುಪಿ, ಮಂಗಳೂರು, ಕಾರವಾರದ ಕಡೆ ಇರುವವರಿಗೆ ಮಳೆಗಾಲ ಪೂರ್ತಿ ಇದು ಇದ್ದದ್ದೇ.

ಬ್ರೇಕ್ ಹಿಡಿಯದೇ ಓಡುವಾಗ ಸಣ್ಣಗೆ ಕೀ ಅಂತ ಬಂದು, ಬ್ರೇಕ್ ಒತ್ತಿದರೆ ನಿಲ್ಲುತ್ತದೆ ಅಥವಾ ಬದಲಾಗುತ್ತದೆ. ಹೆಚ್ಚಾಗಿ ಇದು ಸವೆತ ಸೂಚಕದ ಸದ್ದು. ಎಷ್ಟೋ ಪ್ಯಾಡುಗಳ ಅಂಚಿನಲ್ಲಿ ಸಣ್ಣ ಉಕ್ಕಿನ ನಾಲಗೆ ಇರುತ್ತದೆ. ಲೈನಿಂಗ್ 2ರಿಂದ 3 ಮಿ.ಮೀ.ಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ಕೂಗಲಿ ಅಂತಲೇ ಅದನ್ನು ಇಟ್ಟಿರುವುದು. ಪ್ಯಾಡ್ ಬದಲಿಸುವ ಹೊತ್ತು ಬಂತು. ಪ್ಯಾಡ್ ಹೊಸದಾಗಿದ್ದೂ ಹೀಗೆ ಬಂದರೆ ಆ ನಾಲಗೆ ಬಾಗಿರಬಹುದು, ಅಥವಾ ಪ್ಯಾಡನ್ನು ತಪ್ಪು ಜಾಗದಲ್ಲಿ ಕೂರಿಸಿರಬಹುದು.

ಸಿಗ್ನಲ್ ಹತ್ತಿರ ಬರುವಾಗ, ಮೆತ್ತಗೆ ಬ್ರೇಕ್ ಹಿಡಿದಾಗ, ಕಾರು ನಿಲ್ಲುವ ಮುಂಚೆ. ಜನರನ್ನು ಜಾಸ್ತಿ ಕಾಡುವ ಸದ್ದು ಇದೇ. ಜೋರಾಗಿ ಒತ್ತಿದರೆ ಎಷ್ಟೋ ಸಲ ಇರುವುದಿಲ್ಲ. ಪ್ಯಾಡ್ ನುಣುಪಾಗಿದೆ, ಶಿಮ್ ಇಲ್ಲ, ಕ್ಲಿಪ್ ಸಡಿಲ ಅಥವಾ ಪಿನ್ ಒಣಗಿದೆ. ಇದಕ್ಕೆ ಉತ್ತರ ಏಳನೇ ಹಂತದಲ್ಲಿದೆ.

ರಿವರ್ಸ್ ತೆಗೆಯುವಾಗ ಮಾತ್ರ. ಹಿಂದಕ್ಕೆ ಹೋಗುವಾಗ ಪ್ಯಾಡ್ ತನ್ನ ಜಾಗದಲ್ಲಿ ಇನ್ನೊಂದು ಬದಿಗೆ ಸರಿದು ಕೂರುತ್ತದೆ. ಅಲ್ಲಿ ಒಣಗಿದ್ದರೆ ಕೂಗುತ್ತದೆ. ಸಾಮಾನ್ಯವಾಗಿ ಅಪಾಯ ಇಲ್ಲ, ಮುಂದಿನ ಸರ್ವೀಸಿನಲ್ಲಿ ಕ್ಲೀನ್ ಮಾಡಿಸಿದರೆ ಸಾಕು.

ಚಕ್ರ ಸುತ್ತಿದ ಹಾಗೆ ‘ಕೀ... ಕೀ... ಕೀ...’ ಎಂದು ಬಿಟ್ಟು ಬಿಟ್ಟು. ವೇಗ ಹೆಚ್ಚಿದಂತೆ ಸದ್ದೂ ಬೇಗ ಬೇಗ ಬರುತ್ತದೆ. ಡಿಸ್ಕ್ ಸ್ವಲ್ಪ ಡೊಂಕು ಅಥವಾ ಅದರ ಹಿಂದೆ ಧೂಳು ತಡೆಯುವ ತಗಡು ಬಾಗಿ ತಾಗುತ್ತಿದೆ. ಬ್ರೇಕ್ ಹಿಡಿದಾಗ ಪೆಡಲ್ ಕಾಲಿಗೆ ಮಿಡಿದಂತೆ ಅನಿಸಿದರೆ ಡಿಸ್ಕ್ ಮೇಲೇ ಅನುಮಾನ ಪಡಿ.

ಘಾಟ್ ಇಳಿದ ಮೇಲೆ ಶುರುವಾಗಿದ್ದು. ಚಾರ್ಮಾಡಿ, ಶಿರಾಡಿ, ಆಗುಂಬೆಯಂಥ ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡ್ ಅತಿಯಾಗಿ ಕಾಯುತ್ತದೆ. ಲೈನಿಂಗಿನ ಅಂಟು ಮೇಲೆ ಬಂದು ಗಟ್ಟಿ ಪದರವಾಗುತ್ತದೆ. ಆಮೇಲೆ ಊರಿನಲ್ಲೂ ಸದ್ದು. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಬ್ರೇಕನ್ನು ಒತ್ತಿ ವೇಗ ಇಳಿಸಿ ಪೂರ್ತಿ ಬಿಡಬೇಕು, ಒತ್ತಿಕೊಂಡೇ ಇರಬಾರದು.

## ಹಂತ 2: ಅದು ನಿಜವಾಗಿ ಬ್ರೇಕಿನ ಸದ್ದೇ?

ಬ್ರೇಕಿನದಲ್ಲದ ಸದ್ದಿಗೆ ಬ್ರೇಕ್ ಬಿಚ್ಚಿ ಕೂತವರು ಬೇಕಾದಷ್ಟು ಜನ. ಮೂರು ಸುಲಭ ಪರೀಕ್ಷೆ ಮಾಡಿ.

ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿ. ಆಗಲೂ ಕೀ ಅಂದರೆ ಅದು ಹೆಚ್ಚಾಗಿ ಎಂಜಿನ್ನಿನ ಬೆಲ್ಟಿನ ಸದ್ದು. ಎಸಿ ಹಾಕಿದ ಕೂಡಲೇ ಅಥವಾ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಜೋರಾಗುವುದೂ ಬೆಲ್ಟಿನ ಲಕ್ಷಣ. ಬ್ರೇಕ್ ಸದ್ದಿಗೆ ಚಕ್ರ ತಿರುಗಲೇಬೇಕು.

ಖಾಲಿ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಸ್ಟೀರಿಂಗನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ಸ್ವಲ್ಪ ತಿರುಗಿಸಿ. ‘ಗೂಂ’ ಅನ್ನುವ ಸದ್ದು ಒಂದು ಕಡೆ ವಾಲಿದಾಗ ಹೆಚ್ಚಿ ಇನ್ನೊಂದು ಕಡೆ ಕಡಿಮೆಯಾದರೆ ವೀಲ್ ಬೇರಿಂಗ್ ನೋಡಿಸಿ. ಬೇರಿಂಗ್ ಸಾಮಾನ್ಯವಾಗಿ ಗುಂಯ್‌ಗುಡುತ್ತದೆ, ಕೀರುವುದು ಕಡಿಮೆ.

ಮೂರನೆಯದು ಕಲ್ಲು. ಜೆಲ್ಲಿ ಹಾಕಿದ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಇದ್ದಕ್ಕಿದ್ದಂತೆ ಕಿವಿ ಚುಚ್ಚುವ ಸದ್ದು ಶುರುವಾಯಿತೇ? ಬ್ರೇಕ್ ಹಿಡಿದರೂ ಬಿಟ್ಟರೂ ಬರುತ್ತಿದೆಯೇ? ಡಿಸ್ಕಿಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಕಲ್ಲಿನ ಚೂರು ಸಿಕ್ಕಿರುವ ಸಾಧ್ಯತೆ ಜಾಸ್ತಿ. ಖಾಲಿ ಜಾಗದಲ್ಲಿ ನಾಲ್ಕು ಮೀಟರ್ ರಿವರ್ಸ್ ಹೋಗಿ, ಮತ್ತೆ ಮುಂದೆ ಬನ್ನಿ. ಹೀಗೆ ಎರಡು ಮೂರು ಸಲ ಮಾಡಿದರೆ ಎಷ್ಟೋ ಸಲ ಉದುರಿಬಿಡುತ್ತದೆ. ಉದುರದಿದ್ದರೆ ಚಕ್ರ ಬಿಚ್ಚಿದಾಗ ತಗಡನ್ನು ಬೆರಳಿನಿಂದ ಸ್ವಲ್ಪ ಹಿಂದಕ್ಕೆ ಬಾಗಿಸಿ ತೆಗೆಯಿರಿ. ಸದ್ದು ಕೇಳಿದರೆ ಕಾರೇ ಮುರಿದುಬಿತ್ತೇನೋ ಅನಿಸುತ್ತದೆ. ಹೆದರಬೇಡಿ.

## ಹಂತ 3: ಯಾವ ಚಕ್ರ ಎಂದು ಪತ್ತೆ ಮಾಡಿ

ಸೀಟಿನಲ್ಲಿ ಕೂತವರ ಕಿವಿಗೆ ಮೋಸ ಆಗುತ್ತದೆ. ಮುಂದಿನ ಎಡಗಡೆ ಅನಿಸಿದ್ದು ಹಿಂದಿನ ಎಡಗಡೆ ಆಗಿರಬಹುದು. ಉದ್ದನೆಯ ಕಾಂಪೌಂಡ್ ಗೋಡೆಯ ಪಕ್ಕ ಕಿಟಕಿ ಇಳಿಸಿ ನಿಧಾನವಾಗಿ ಹೋಗಿ ಬ್ರೇಕ್ ಹಿಡಿಯಿರಿ. ಗೋಡೆ ಸದ್ದನ್ನು ತಿರುಗಿ ಕಳಿಸುತ್ತದೆ. ಆಮೇಲೆ ತಿರುಗಿಸಿಕೊಂಡು ಇನ್ನೊಂದು ಬದಿ ಗೋಡೆಗೆ ಬರುವಂತೆ ಹೋಗಿ. ಯಾವ ಬದಿ ಎಂದು ಗೊತ್ತಾಗುತ್ತದೆ. ಮುಂದೋ ಹಿಂದೋ ತಿಳಿಯಲು ಇನ್ನೊಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ಖಾಲಿ ಮೈದಾನ ಇದ್ದರೆ ಅವರು ದೂರದಲ್ಲಿ ಪಕ್ಕಕ್ಕೆ ನಿಂತು ಕೇಳಬಹುದು. ಕಾರಿನ ಮುಂದೆ ಯಾರನ್ನೂ ನಿಲ್ಲಿಸಬೇಡಿ.

ಇನ್ನೊಂದು ಉಪಾಯ ಹ್ಯಾಂಡ್ ಬ್ರೇಕ್. ಖಾಲಿ ಜಾಗದಲ್ಲಿ 10 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಗುಂಡಿ ಒತ್ತಿಕೊಂಡೇ ನಿಧಾನವಾಗಿ ಎಳೆಯಿರಿ. ಅದು ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಆಗಲೂ ಅದೇ ಸದ್ದು ಬಂದರೆ ಹಿಂದಿನ ಡ್ರಮ್ ನೋಡಬೇಕು. ಬಟನ್ ಒತ್ತಿ ಹಿಡಿಯುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಈ ಪರೀಕ್ಷೆ ಮಾಡಬೇಡಿ.

ಕೊನೆಗೆ ಬಿಸಿ. ಹತ್ತು ಹದಿನೈದು ನಿಮಿಷ, ಆದಷ್ಟು ಕಡಿಮೆ ಬ್ರೇಕ್ ಹಿಡಿದು ಓಡಿಸಿ ನಿಲ್ಲಿಸಿ. ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಒಯ್ಯಿರಿ. ಡಿಸ್ಕನ್ನು ಮುಟ್ಟಬೇಡಿ, ಚರ್ಮ ಸುಟ್ಟುಹೋಗುತ್ತದೆ. ಮುಂದಿನ ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಬಿಸಿ ಇರಬೇಕು, ಹಿಂದಿನವೂ ಹಾಗೆಯೇ. ಎಡ ಬಲಕ್ಕೆ ದೊಡ್ಡ ವ್ಯತ್ಯಾಸ ಇದ್ದರೆ ಬಿಸಿಯಾದ ಚಕ್ರದ ಬ್ರೇಕ್ ಬಿಡುತ್ತಿಲ್ಲ ಎಂದರ್ಥ. ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ತಿಳಿಸುವ ಹಂತ ಇನ್ನೊಂದಿಲ್ಲ.

## ಹಂತ 4: ಕಾರು ಎತ್ತಿ ಚಕ್ರ ಬಿಚ್ಚಿ

ಅಲಾಯ್ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿ ‘ಪ್ಯಾಡ್ ಇನ್ನೂ ಚೆನ್ನಾಗಿದೆ’ ಎಂದು ಹೇಳಿಬಿಡುತ್ತಾರೆ. ಕಾಣುವುದು ಹೊರಗಿನ ಪ್ಯಾಡ್ ಮಾತ್ರ. ಬೇಗ ಸವೆಯುವುದು ಹೆಚ್ಚಾಗಿ ಒಳಗಿನದು. ಅದಕ್ಕೇ ಚಕ್ರ ಬಿಚ್ಚಲೇಬೇಕು.

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ. ಬ್ರೇಕ್ ಪೂರ್ತಿ ತಣ್ಣಗಾಗಲಿ. ಮುಂದಿನ ಚಕ್ರಕ್ಕಾದರೆ ಹ್ಯಾಂಡ್ ಬ್ರೇಕ್ ಹಾಕಿ ಹಿಂದಿನ ಚಕ್ರಗಳಿಗೆ ಒತ್ತು ಕೊಡಿ. ಹಿಂದಿನ ಚಕ್ರಕ್ಕಾದರೆ ಮುಂದಿನ ಚಕ್ರಗಳಿಗೆ ಎರಡೂ ಬದಿಯಿಂದ ಒತ್ತು ಕೊಟ್ಟು, ಗೇರ್ ಹಾಕಿ, ಆಮೇಲೆ ಹ್ಯಾಂಡ್ ಬ್ರೇಕ್ ಬಿಡಿ. ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಜೋರು ಹಾಕಿದರೆ ಕಾರು ಜಾಕಿನಿಂದ ಜಾರಬಹುದು. ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗಕ್ಕೇ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಅಕಸ್ಮಾತ್ ಜಾರಿದರೂ ಅದರ ಮೇಲೆ ಕೂರುತ್ತದೆ.

ಒಮ್ಮೆಗೆ ಒಂದೇ ಬದಿ ಬಿಚ್ಚಿ. ಯಾವ ಕ್ಲಿಪ್ ಎಲ್ಲಿತ್ತು ಎಂದು ಮರೆತರೆ ನೋಡಿಕೊಳ್ಳಲು ಇನ್ನೊಂದು ಬದಿ ಹಾಗೇ ಇರುತ್ತದೆ. ಫೋಟೋ ತೆಗೆದುಕೊಳ್ಳುವುದೂ ಒಳ್ಳೆಯದೇ.

## ಹಂತ 5: ಏನನ್ನೂ ಬಿಚ್ಚುವ ಮೊದಲು ಕೈಯಿಂದ ತಿರುಗಿಸಿ

ಗೇರ್ ನ್ಯೂಟ್ರಲ್‌ನಲ್ಲಿಟ್ಟು ಡಿಸ್ಕನ್ನು ಕೈಯಿಂದ ತಿರುಗಿಸಿ ನೋಡಿ. ಪ್ಯಾಡ್ ಸ್ವಲ್ಪ ಸವರಿದ ಹಾಗೆ ಸದ್ದು ಬಂದರೆ ಸಹಜ. ಎರಡೂ ಕೈ ಹಾಕಿ ತಿರುಗಿಸಬೇಕಾದರೆ ಬ್ರೇಕ್ ಬಿಟ್ಟಿಲ್ಲ.

ಬಿಟ್ಟಿಲ್ಲ ಅನಿಸಿದರೆ ಒಬ್ಬರು ಪೆಡಲ್ ಒತ್ತಿ ಬಿಡಲಿ, ಕೂಡಲೇ ತಿರುಗಿಸಿ ನೋಡಿ. ಇನ್ನೂ ಬಿಗಿಯಾಗಿದ್ದರೆ ಕ್ಯಾಲಿಪರ್ (ಪಿಸ್ಟನ್ ಮತ್ತು ಪ್ಯಾಡ್ ಕೂತಿರುವ, ಡಿಸ್ಕನ್ನು ತಬ್ಬಿದ ಭಾಗ) ಮೇಲಿನ ಬ್ಲೀಡರ್ ನಿಪ್ಪಲ್ಲಿಗೆ (ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ತಿರುಪು) ಪಾರದರ್ಶಕ ಪೈಪ್ ಸಿಕ್ಕಿಸಿ, ತುದಿಯನ್ನು ಬಾಟಲಿಯಲ್ಲಿಟ್ಟು, ಕಾಲು ಸುತ್ತು ಸಡಿಲಿಸಿ. ಸ್ವಲ್ಪ ಆಯಿಲ್ ಚಿಮ್ಮಿ ಡಿಸ್ಕ್ ಸಲೀಸಾಗಿ ತಿರುಗಿತು ಅಂದರೆ ಕ್ಯಾಲಿಪರ್ ತಪ್ಪಲ್ಲ. ರಬ್ಬರ್ ಹೋಸ್ ಒಳಗೆ ಊದಿಕೊಂಡು ಆಯಿಲನ್ನು ಹಿಂದಕ್ಕೆ ಬಿಡುತ್ತಿಲ್ಲ. ಹೊರಗಿನಿಂದ ನೋಡಿದರೆ ಹೋಸ್ ಹೊಸದರಂತೆ ಕಾಣುತ್ತದೆ, ಅದಕ್ಕೇ ಇದು ಯಾರ ಗಮನಕ್ಕೂ ಬರುವುದಿಲ್ಲ. ಎರಡೂ ಬದಿಯಲ್ಲಿ ಒಂದೇ ಸಲ ಬಿಗಿಯಾಗಿದ್ದರೆ ಮಾಸ್ಟರ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಭಾಗ) ಕಡೆಯ ತೊಂದರೆ ಇರಬಹುದು, ಅದು ಗ್ಯಾರೇಜಿನ ಕೆಲಸ. ನಿಪ್ಪಲ್ ತಿರುಗದೆ ಹಟ ಮಾಡಿದರೆ ಬಲ ಹಾಕಬೇಡಿ, ಮುರಿಯುತ್ತದೆ. ಹೀಗೆ ಆಯಿಲ್ ಬಿಡುವ (ಬ್ಲೀಡಿಂಗ್) ಅಭ್ಯಾಸ ಇಲ್ಲದವರು ಈ ಒಂದು ಪರೀಕ್ಷೆಯನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ.

## ಹಂತ 6: ಡಿಸ್ಕ್ ಓದಿ

ಡಿಸ್ಕಿನ ಮೇಲೆ ಉಗುರು ಆಡಿಸಿ. ಸಣ್ಣ ಗೆರೆಗಳು ಪರವಾಗಿಲ್ಲ. ಉಗುರು ಸಿಕ್ಕಿ ನಿಲ್ಲುವಷ್ಟು ಆಳದ ಗೀರು ಇದ್ದರೆ ಬದಲಿಸಬೇಕು ಅಥವಾ ಲೇತಿನಲ್ಲಿ ಮೇಲ್ಮೈ ಕೆತ್ತಿಸಿ ಸಮ ಮಾಡಿಸಬೇಕು. ನೀಲಿ ಮಚ್ಚೆಗಳು ಅತಿ ಬಿಸಿಯ ಗುರುತು. ಒಂದು ಪಟ್ಟಿ ಮಾತ್ರ ತುಕ್ಕು ಹಿಡಿದೇ ಉಳಿದಿದ್ದರೆ ಪ್ಯಾಡ್ ಆ ಭಾಗಕ್ಕೆ ತಾಗುತ್ತಿಲ್ಲ.

ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಡಿಸ್ಕಿನ ಮೇಲೇ ಕೆತ್ತಿರುತ್ತಾರೆ, ಇಲ್ಲವೇ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅಳೆಯುವಾಗ ಒಂದು ಎಚ್ಚರ. ಡಿಸ್ಕಿನ ಹೊರ ಅಂಚು ಸವೆಯದೆ ದಂಡೆಯಂತೆ ಎದ್ದಿರುತ್ತದೆ. ವರ್ನಿಯರ್ ಅದರ ಮೇಲೆ ಕೂತರೆ ಜಾಸ್ತಿ ತೋರಿಸುತ್ತದೆ. ದಂಡೆಯ ಒಳಗಿನ ಸವೆದ ಜಾಗವನ್ನೇ ಅಳೆಯಬೇಕು. ಲೇತಿಗೆ ಕೊಡುವುದಾದರೆ ಕೆತ್ತಿದ ಮೇಲೂ ಕನಿಷ್ಠಕ್ಕಿಂತ ಜಾಸ್ತಿ ಉಳಿಯುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿ.

## ಹಂತ 7: ಕ್ಯಾಲಿಪರ್ ಬಿಚ್ಚಿ, ಪ್ಯಾಡುಗಳನ್ನು ಜೋಡಿಸಿಟ್ಟು ನೋಡಿ

ಕಾರಣ ಸಿಗುವುದು ಹೆಚ್ಚಾಗಿ ಇಲ್ಲಿ. ಅವಸರ ಮಾಡಬೇಡಿ.

ಕ್ಯಾಲಿಪರ್ ಹಿಂದಿನ ಎರಡು ಬೋಲ್ಟುಗಳಲ್ಲಿ ಕೆಳಗಿನದನ್ನು ಬಿಚ್ಚಿ ಮೇಲಕ್ಕೆ ಮಡಚಿದರೆ ಎಷ್ಟೋ ಕಾರುಗಳಲ್ಲಿ ಪ್ಯಾಡ್ ಹೊರಗೆ ಬರುತ್ತದೆ. ಪೂರ್ತಿ ತೆಗೆಯಬೇಕಾದರೆ ಕ್ಯಾಲಿಪರನ್ನು ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿ. ಹೋಸಿನಲ್ಲಿ ನೇತಾಡಲು ಬಿಟ್ಟರೆ ಹೋಸ್ ಒಳಗಿಂದ ಹರಿದುಹೋಗಬಹುದು. ಕ್ಯಾಲಿಪರ್ ಹೊರಗಿರುವಾಗ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಹೊರಗೆ ಬಂದುಬಿಡುತ್ತದೆ.

ಒಳ, ಹೊರ ಪ್ಯಾಡುಗಳನ್ನು ಪಕ್ಕಪಕ್ಕ ಇಡಿ. ಹೊಸ ಪ್ಯಾಡಿನ ಲೈನಿಂಗ್ ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದಿದ್ದರೆ ಬದಲಿಸಿ. ಆದರೆ ದಪ್ಪಕ್ಕಿಂತ ಸವೆದ ಬಗೆ ಜಾಸ್ತಿ ಹೇಳುತ್ತದೆ.

ಒಳಗಿನದು ಹೊರಗಿನದಕ್ಕಿಂತ ತುಂಬಾ ಸವೆದಿದ್ದರೆ ಸ್ಲೈಡ್ ಪಿನ್ ಬಿಗಿಯಾಗಿದೆ, ಇಲ್ಲವೇ ಪಿಸ್ಟನ್ ಹಿಂದೆ ಬರುತ್ತಿಲ್ಲ. ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು ಆಗಿದ್ದರೆ ಎರಡು ಪಿನ್‌ಗಳಲ್ಲಿ ಒಂದು ಹಿಡಿದಿದೆ ಅಥವಾ ಪ್ಯಾಡಿನ ಕಿವಿ (ತುದಿಯ ಚಾಚು) ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡಿದೆ. ಎರಡೂ ಸಮನಾಗಿ ಸವೆದು, ಮೇಲೆ ನುಣುಪಾಗಿ ಮಿರುಗುತ್ತಿದ್ದರೆ ಬಿಸಿಗೆ ಗಟ್ಟಿ ಪದರ ಕಟ್ಟಿದೆ. ಇದನ್ನು ಎಮರಿ ಪೇಪರನ್ನು ಸಮತಟ್ಟಾದ ಜಾಗದಲ್ಲಿಟ್ಟು ಪ್ಯಾಡನ್ನು ಅದರ ಮೇಲೆ ಮೆತ್ತಗೆ ಉಜ್ಜಿ ತೆಗೆಯಬಹುದು, ಮಾಸ್ಕ್ ಹಾಕಿಕೊಂಡು. ಬಿರುಕು ಬಿಟ್ಟಿದ್ದರೆ ಅಥವಾ ಎಣ್ಣೆ, ಬ್ರೇಕ್ ಆಯಿಲ್ ಹೀರಿದ್ದರೆ ಉಜ್ಜಿ ತೊಳೆದು ಪ್ರಯೋಜನ ಇಲ್ಲ, ಎಸೆಯಿರಿ.

ಈಗ ಪಿನ್. ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಆಚೀಚೆ ಜಾರಬೇಕು. ಎರಡನ್ನೂ ಹೊರಗೆಳೆದು ನೋಡಿ. ಬೆರಳಲ್ಲಿ ಸಲೀಸಾಗಿ ಜಾರಿದರೆ ಸರಿ. ಒಣಗಿದ್ದರೆ, ತುಕ್ಕು ಇದ್ದರೆ, ಹಳೆಯ ಗ್ರೀಸ್ ಅಂಟಾಗಿದ್ದರೆ ಪೂರ್ತಿ ಒರೆಸಿ ಬ್ರೇಕ್ ಕ್ಲೀನರಿನಿಂದ ತೊಳೆದು ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಬೇರಿಂಗಿಗೆ, ಚಾಸಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡವೇ ಬೇಡ. ಅದು ರಬ್ಬರನ್ನು ಊದಿಸುತ್ತದೆ, ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ‘ವಾರ ಹತ್ತು ದಿನ ಸರಿ ಇತ್ತು, ಮತ್ತೆ ಶುರು’ ಅನ್ನುವವರ ಕಾರಿನಲ್ಲಿ ಪಿನ್ ಬಿಚ್ಚಿಯೇ ಇರುವುದಿಲ್ಲ, ಇಲ್ಲವೇ ಈ ತಪ್ಪು ಗ್ರೀಸ್ ಹಚ್ಚಿರುತ್ತಾರೆ. ಎರಡು ಪಿನ್‌ಗಳು ಒಂದೇ ಥರ ಇರಲೇಬೇಕೆಂದಿಲ್ಲ. ಒಂದಕ್ಕೆ ತುದಿಯಲ್ಲಿ ರಬ್ಬರ್ ಇರಬಹುದು. ಅದಲು ಬದಲು ಮಾಡಬೇಡಿ. ರಬ್ಬರ್ ಬೂಟು ಹರಿದಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಮುಂದಿನ ಮಳೆಗೆ ನೀರು ಒಳಗೆ ಹೋಗುತ್ತದೆ.

ಆಮೇಲೆ ಪಿಸ್ಟನ್. ಹಳೆಯ ಪ್ಯಾಡನ್ನು ಪಿಸ್ಟನ್ ಮೇಲಿಟ್ಟು ಸಿ ಕ್ಲ್ಯಾಂಪಿನಿಂದ ನಿಧಾನವಾಗಿ ಒಳಗೆ ತಳ್ಳಿ. ಒಂದೇ ಸಮನೆ ಹೋಗಬೇಕು. ತಡೆತಡೆದು ಹೋದರೆ ಅಥವಾ ಬೂಟಿನ ಕೆಳಗೆ ತುಕ್ಕು, ತೇವ ಕಂಡರೆ ಕ್ಯಾಲಿಪರ್ ರಿಪೇರಿಗೆ ಬಂದಿದೆ. ತಳ್ಳುವ ಮೊದಲು ಬಾನೆಟ್ ತೆಗೆದು ಆಯಿಲ್ ಡಬ್ಬಿ ನೋಡಿ. ತುಂಬಿದ್ದರೆ ಉಕ್ಕಿ ಹೊರಗೆ ಬರುತ್ತದೆ, ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ. ಹಿಂದೆಯೂ ಡಿಸ್ಕ್ ಇರುವ ಕಾರುಗಳಲ್ಲಿ ಹಿಂದಿನ ಪಿಸ್ಟನ್ನನ್ನು ತಿರುಗಿಸುತ್ತಾ ತಳ್ಳಬೇಕಾಗಬಹುದು. ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ದರೆ ಮೊದಲು ಸರ್ವೀಸ್ ಮೋಡ್‌ಗೆ ಹಾಕಬೇಕು. ಅಲ್ಲಿ ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನದು ಮುರಿಯುತ್ತದೆ.

ಕೊನೆಗೆ ಕ್ಲಿಪ್ ಮತ್ತು ಶಿಮ್. ಪ್ಯಾಡಿನ ಎರಡು ಕಿವಿಗಳು ಕೂರುವ ಉಕ್ಕಿನ ಕ್ಲಿಪ್ಪುಗಳನ್ನು ಕಿತ್ತು ಅವುಗಳ ಕೆಳಗೆ ನೋಡಿ. ಅಲ್ಲಿ ತುಕ್ಕು ಉಬ್ಬಿ ಕ್ಲಿಪ್ಪನ್ನು ಮೇಲೆತ್ತಿರುತ್ತದೆ, ಪ್ಯಾಡ್ ಬಿಗಿಯಾಗುತ್ತದೆ. ತಂತಿ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ. ಕ್ಲಿಪ್ ಸಡಿಲವಾಗಿದ್ದರೆ ಹೊಸದು ಹಾಕಿ. ಪ್ಯಾಡನ್ನು ಬೆರಳಿನಿಂದಲೇ ಕೂರಿಸಲು ಆಗಬೇಕು. ಸುತ್ತಿಗೆ ಬೇಕಾಯಿತು ಅಂದರೆ ಇನ್ನೂ ತುಕ್ಕು ಉಳಿದಿದೆ. ಪ್ಯಾಡಿನ ಬೆನ್ನಿಗೆ ಬರುವ ತೆಳು ತಗಡು ಶಿಮ್. ನಡುಕವನ್ನು ತಡೆಯುವುದೇ ಅದರ ಕೆಲಸ. ಹೊಸ ಪ್ಯಾಡಿನ ಡಬ್ಬಿಯಲ್ಲಿ ಶಿಮ್ ಇಲ್ಲದಿದ್ದರೆ ಹಳೆಯದನ್ನು ತೊಳೆದು ಹಾಕಬೇಕು. ಹಳೆಯ ಪ್ಯಾಡಿನ ಜೊತೆ ಅದನ್ನೂ ಕಸಕ್ಕೆ ಹಾಕುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು.

## ಹಂತ 8: ಹಿಂದಿನ ಡ್ರಮ್

ಮೂರನೇ ಹಂತದಲ್ಲಿ ಹಿಂದಿನ ಚಕ್ರ ಎಂದು ಗೊತ್ತಾಗಿದ್ದರೆ ಮಾತ್ರ ಇದು. ಕೆಲವು ಕಾರುಗಳಲ್ಲಿ ಡ್ರಮ್ಮಿನ ಜೊತೆಗೇ ಬೇರಿಂಗ್ ಇರುತ್ತದೆ, ನಡುವಿನ ದೊಡ್ಡ ನಟ್ ಬಿಚ್ಚಬೇಕು. ಅಂಥದ್ದನ್ನು ಗ್ಯಾರೇಜಿಗೇ ಬಿಡಿ. ಬೇರೆಯದಾದರೆ ಹ್ಯಾಂಡ್ ಬ್ರೇಕ್ ಬಿಟ್ಟು ಡ್ರಮ್ ಎಳೆಯಿರಿ. ಬರದಿದ್ದರೆ ಅದರ ಮೇಲಿನ ಎರಡು ಮರೆ (ಥ್ರೆಡ್) ಇರುವ ತೂತುಗಳಿಗೆ ಸರಿಯಾದ ಬೋಲ್ಟ್ ಹಾಕಿ ಎರಡನ್ನೂ ಸಮನಾಗಿ ತಿರುಗಿಸಿದರೆ ಹೊರಗೆ ಬರುತ್ತದೆ.

ಒಳಗೆ ಕಪ್ಪು ಪುಡಿ ತುಂಬಿರುತ್ತದೆ. ಬಾಯಲ್ಲಿ ಊದಬೇಡಿ, ಏರ್ ಹೊಡೆಯಬೇಡಿ. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಬ್ರೇಕ್ ಕ್ಲೀನರಿನಿಂದ ತೋಯಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ.

ಶೂಗಳ (ಡ್ರಮ್ಮಿನ ಒಳಗೋಡೆಗೆ ಒತ್ತುವ ಬಾಗಿದ ಪಟ್ಟಿಗಳು) ಅಂಚು ಹಿಂದಿನ ತಟ್ಟೆಯ ಉಬ್ಬು ಜಾಗಗಳ ಮೇಲೆ ಜಾರುತ್ತದೆ. ಅಲ್ಲಿ ಒಣಗಿ ಗುಳಿ ಬಿದ್ದಿದ್ದರೆ ಕೀರಲು ಬರುತ್ತದೆ. ಉಜ್ಜಿ, ಕಡಲೆ ಕಾಳಿನಷ್ಟೂ ಬೇಡ, ಸವರಿದ ಹಾಗೆ ಬ್ರೇಕ್ ಗ್ರೀಸ್ ಹಚ್ಚಿ. ಶೂಗಳನ್ನು ಹೊರಗೆ ತಳ್ಳುವ ವೀಲ್ ಸಿಲಿಂಡರಿನ ರಬ್ಬರನ್ನು ಸ್ವಲ್ಪ ಎತ್ತಿ ನೋಡಿ. ಒಳಗೆ ಆಯಿಲ್ ಕಂಡರೆ ಲೀಕ್ ಆಗಿದೆ, ಸಿಲಿಂಡರ್ ಮತ್ತು ಒದ್ದೆಯಾದ ಶೂ ಎರಡನ್ನೂ ಬದಲಿಸಬೇಕು. ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ಹಿಂದಕ್ಕೆ ಬರುತ್ತದೆಯೇ ಎಂದೂ ನೋಡಿ.

ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ದಿನಗಟ್ಟಲೆ ನಿಲ್ಲಿಸಿದರೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗವಾದರೆ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಬಿಡುವುದು ವಾಸಿ.

## ಹಂತ 9: ಮತ್ತೆ ಜೋಡಿಸುವಾಗ

ಪ್ಯಾಡ್ ಬದಲಿಸುವುದಾದರೆ ಎಡ ಬಲ ಎರಡೂ ಬದಿ ಒಟ್ಟಿಗೆ ಬದಲಿಸಿ. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಅದನ್ನು ಬ್ರೇಕ್ ಕ್ಲೀನರಿನಿಂದ ತೊಳೆಯದೆ ಹಾಕಿದರೆ ಹೊಸ ಪ್ಯಾಡ್ ಮೊದಲ ದಿನವೇ ಹಾಳು. ಗ್ರೀಸ್ ಹಚ್ಚುವುದು ಪ್ಯಾಡಿನ ಕಿವಿಗೆ, ಪಿಸ್ಟನ್ ಮತ್ತು ಕ್ಯಾಲಿಪರಿನ ಬೆರಳಿನಂಥ ಚಾಚು ತಾಗುವ ಪ್ಯಾಡಿನ ಬೆನ್ನಿಗೆ ಮಾತ್ರ. ಲೈನಿಂಗಿಗೆ, ಡಿಸ್ಕಿಗೆ ಒಂದು ಹನಿಯೂ ತಾಗಬಾರದು.

ಸದ್ದು ಹೋಗಲಿ ಅಂತ ಎಣ್ಣೆ ಬಿಡುವವರು, ಡಬ್ಲ್ಯುಡಿ-40 ಹೊಡೆಯುವವರು ಇದ್ದಾರೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಸದ್ದು ಹೋಗುತ್ತದೆ, ಅದರ ಜೊತೆ ಬ್ರೇಕೂ ಹೋಗುತ್ತದೆ.

ಸವೆತ ಸೂಚಕ ಇರುವ ಪ್ಯಾಡ್ ಎಷ್ಟೋ ಕಾರುಗಳಲ್ಲಿ ಒಳಬದಿಗೆ ಬರುತ್ತದೆ. ಬಿಚ್ಚುವಾಗ ಹೇಗಿತ್ತೋ ಹಾಗೇ ಹಾಕಿ. ಕ್ಯಾಲಿಪರ್ ಬೋಲ್ಟ್, ಚಕ್ರದ ನಟ್ ಎಷ್ಟು ಬಿಗಿಯಬೇಕು ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿ. ಚಿಕ್ಕ ಕಾರುಗಳ ಚಕ್ರದ ನಟ್ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು. ನಟ್‌ಗಳನ್ನು ಎದುರು ಬದುರು ಬಿಗಿಯುತ್ತಾ ಹೋಗಿ.

ಕಾರು ಕೆಳಗಿಳಿಸಿದ ಮೇಲೆ, ಎಂಜಿನ್ ಸ್ಟಾರ್ಟ್ ಮಾಡಿ ಹೊರಡುವ ಮೊದಲು, ಪೆಡಲನ್ನು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಪಿಸ್ಟನ್ ಒಳಗೆ ತಳ್ಳಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಇರುವುದೇ ಇಲ್ಲ. ಇದನ್ನು ಮರೆತು ಗೇಟಿಗೆ ಗುದ್ದುವವರಿದ್ದಾರೆ. ಆಯಿಲ್ ಮಟ್ಟವನ್ನೂ ನೋಡಿ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ.

## ಹಂತ 10: ಹೊಸ ಪ್ಯಾಡನ್ನು ಹದಕ್ಕೆ ತನ್ನಿ

ಈ ಹಂತ ಬಿಟ್ಟರೆ ಸರಿಯಾಗಿ ಹಾಕಿದ ಪ್ಯಾಡೂ ಕೂಗುತ್ತದೆ. ಪ್ಯಾಡಿನ ಡಬ್ಬಿಯ ಮೇಲೆ ಸೂಚನೆ ಇದ್ದರೆ ಅದರಂತೆ ಮಾಡಿ. ಇಲ್ಲದಿದ್ದರೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10 ಕಿ.ಮೀ.ಗೆ ಹದವಾಗಿ ಬ್ರೇಕ್ ಹಿಡಿದು ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮತ್ತೆ ವೇಗ ಹೆಚ್ಚಿಸಿ, ಕೆಲವು ನೂರು ಮೀಟರ್ ಓಡಿಸಿ, ಮತ್ತೆ ಇಳಿಸಿ. ಹೀಗೆ ಎಂಟು ಹತ್ತು ಸಲ. ಆಮೇಲೆ ಐದಾರು ಕಿಲೋಮೀಟರ್ ಆದಷ್ಟು ಬ್ರೇಕ್ ಮುಟ್ಟದೆ ಓಡಿಸಿ ತಣಿಯಲು ಬಿಡಿ. ಡಿಸ್ಕ್ ಬಿಸಿಯಾಗಿರುವಾಗ ಪೆಡಲ್ ಒತ್ತಿಕೊಂಡು ನಿಂತರೆ ಆ ಜಾಗದಲ್ಲೇ ಪ್ಯಾಡಿನ ಗುರುತು ಕೂರುತ್ತದೆ. ಮೊದಲ 200ರಿಂದ 300 ಕಿ.ಮೀ. ತುರ್ತು ಇಲ್ಲದೆ ಜೋರಾಗಿ ಬ್ರೇಕ್ ಹಿಡಿಯಬೇಡಿ.

ಮರುದಿನ ಚಕ್ರದ ನಟ್‌ಗಳನ್ನು ಮತ್ತೊಮ್ಮೆ ನೋಡಿ. ಮೂರನೇ ಹಂತದ ಬಿಸಿ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿ. ಎಡ ಬಲ ಸಮನಾಗಿದ್ದರೆ ಕೆಲಸ ಸರಿಯಾಗಿದೆ.

## ಇಷ್ಟಾದರೂ ಸದ್ದು ಉಳಿದರೆ

ಪಿನ್, ಪಿಸ್ಟನ್, ಕ್ಲಿಪ್, ಶಿಮ್, ಡಿಸ್ಕ್ ಎಲ್ಲ ಸರಿ ಇದ್ದೂ ಮೆತ್ತಗೆ ಹಿಡಿದಾಗ ಮಾತ್ರ ಸಣ್ಣ ಸದ್ದು ಬಂದರೆ ಪ್ಯಾಡಿನ ಜಾತಿಯೇ ಅಂಥದ್ದು ಇರಬಹುದು. ಲೋಹದ ಅಂಶ ಜಾಸ್ತಿ ಇರುವ ಪ್ಯಾಡ್ ಸ್ವಲ್ಪ ಕೂಗುತ್ತದೆ. ಕಂಪನಿಯವರು ಕಾರಿಗೆ ಹಾಕಿ ಕಳಿಸಿದ ಬಗೆಯ ಪ್ಯಾಡನ್ನೇ, ಬಿಲ್ ಕೊಡುವ ಅಂಗಡಿಯಲ್ಲಿ ಕೊಂಡು ಹಾಕಿ ನೋಡಿ.

ಗ್ಯಾರೇಜಿಗೆ ಹೋಗುವುದಾದರೆ ‘ಬ್ರೇಕ್ ಸದ್ದು ಬರ್ತಿದೆ, ನೋಡಿ’ ಎಂದಷ್ಟೇ ಹೇಳಬೇಡಿ. ‘ಮುಂದಿನ ಎಡಗಡೆ, ಮೆತ್ತಗೆ ಹಿಡಿದಾಗ, ಕಾರು ಬಿಸಿಯಾದ ಮೇಲೆ ಬರುತ್ತೆ. ಆ ಚಕ್ರ ಬಲಗಡೆಗಿಂತ ಜಾಸ್ತಿ ಕಾಯುತ್ತೆ. ಪ್ಯಾಡ್ ತರಿಸೋ ಮೊದಲು ಎರಡೂ ಪಿನ್ ಬಿಚ್ಚಿ ತೋರಿಸಿ ಅಣ್ಣಾ’ ಎಂದು ಹೇಳಿ. ಹಳೆಯ ಪ್ಯಾಡುಗಳನ್ನು ಕೇಳಿ ತೆಗೆದುಕೊಳ್ಳಿ, ಒಳಗಿನದು ಯಾವುದು, ಹೊರಗಿನದು ಯಾವುದು ಎಂದು ಅಲ್ಲೇ ಗುರುತು ಹಾಕಿಸಿ.